ಮೈಗಳ್ಳ ಗಾಡಿ

ಹಣಮಮ್ಮನ ಅಪ್ಪ ಬದುಕಿದ್ದ ಕಾಲಕ್ಕೆ ಸಗರದ ಸುತ್ತ ಯಾರು ಎತ್ತು ಕೊಂಡರೂ ಅವನನ್ನು ಕರೆಯದೆ ಕೊಳ್ಳುತ್ತಿರಲಿಲ್ಲ. ಅವನು ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ. ಕೊನೆಗೆ ಬಂಡಿಯ ಗಾಲಿಗೆ ಹಗ್ಗ ಬಿಗಿದು, ಹಸಿ ಕರಿಮಣ್ಣಿನಲ್ಲಿ ಎಳೆಸಿ ನೋಡುತ್ತಿದ್ದ. ತಿರುಗದ ಗಾಲಿಯನ್ನು ಮೊಣಕಾಲೂರಿಯಾದರೂ ಎಳೆದರೆ ಅದು ಎತ್ತು. ತಲೆ ತಗ್ಗಿಸಿ ನಿಂತುಬಿಟ್ಟರೆ ಮೈಗಳ್ಳ. ಮೈಗಳ್ಳನಿಗೆ ಎಷ್ಟು ಹುರುಳಿ ತಿನ್ನಿಸಿದರೂ ಅಷ್ಟೇ ಎನ್ನುತ್ತಿದ್ದ. ಈ ವಿದ್ಯೆ ಮಗ ಮಹಾದೇವಪ್ಪನಿಗೆ ಹತ್ತಲಿಲ್ಲ, ಮಗಳಿಗೆ ಹತ್ತಿತು. ಆದರೆ ಕೆನಾಲಿಗೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾಗಿ, ಊರ ತುಂಬ ಟ್ರ್ಯಾಕ್ಟರ್ ಆದ ಮೇಲೆ, ಆ ವಿದ್ಯೆ ಕೇಳುವವರಿಲ್ಲದೆ ಅವಳೊಳಗೇ ಕೂತಿತ್ತು.

ಈಗ ಹಣಮಮ್ಮ ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಹಿರಿಯಳು. ಮಳೆಗಾಲ ಬಂತೆಂದರೆ ಗುಂಪು ದೂರದ ಗದ್ದೆಗಳಿಗೆ ಹೋಗಬೇಕು. ಹೋಗಲು ಇರುವುದು ಕೆನಾಲಿನ ಏರಿ ಒಂದೇ. ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಇಳಿಜಾರು. ಹಿಂದಿನ ವರ್ಷ ಬೇರೆ ಊರಿನ ಹೆಂಗಸರಿದ್ದ ಟ್ರ್ಯಾಲಿಯೊಂದು ಅಲ್ಲಿ ಪಲ್ಟಿಯಾಗಿ ನೀರಿಗೆ ಬಿತ್ತು. ಸುದ್ದಿ ಕೇಳಿ ಓಡಿಹೋದವರಿಗೆ ಮೊದಲು ಕಂಡದ್ದು ತೇಲುತ್ತಿದ್ದ ಬುತ್ತಿಯ ಗಂಟುಗಳು. ಅವತ್ತಿನಿಂದ ಹಣಮಮ್ಮ ಟ್ರ್ಯಾಲಿ ಹತ್ತಲಿಲ್ಲ, ತನ್ನ ಗುಂಪಿನ ಯಾರನ್ನೂ ಹತ್ತಗೊಡಲಿಲ್ಲ.

"ನಿಮ್ಮನ್ನ ಮನಿಯಿಂದ ಕರಕೊಂಡು ಹೋಗಾಕಿ ನಾನು, ಮನಿಗೆ ಮುಟ್ಟಸಾಕಿನೂ ನಾನ" ಎಂದಳು.

"ಹಂಗಾರ ಹೆಗಲ ಮ್ಯಾಲ ಹೊತಗೊಂಡು ಹೋಗ್ತೀಯೇನ್ ಯಕ್ಕಾ?" ಎಂದು ಕೇಳಿದವಳು ಬಾಲಮ್ಮ. ಗುಂಪಿನಲ್ಲಿ ಅವಳ ನಾಲಿಗೆಗೆ ಯಾರೂ ಎದುರಿಲ್ಲ.

ಹೊರುವ ಉಪಾಯ ಹುಡುಕಿದವನು ತಮ್ಮ ಮಹಾದೇವಪ್ಪ. ಒಂದು ಹಳೇ ಫೋರ್‌ವೀಲ್ ಗಾಡಿ ಕೊಂಡರೆ ಹೆಂಗಸರನ್ನೂ ಒಯ್ಯಬಹುದು, ಮಿಕ್ಕ ದಿನ ಬಾಡಿಗೆಗೂ ಬಿಡಬಹುದು ಎಂದ. ಅಕ್ಕನನ್ನು ಕರೆದುಕೊಂಡು ಸುರಪುರದ ಬಗಲಿಗಿರುವ ರಂಗಂಪೇಟೆಗೆ ಹೋದ. ಅಲ್ಲಿ ಹಳೇ ಗಾಡಿಗಳ ವ್ಯಾಪಾರಿ ಮೈನುದ್ದೀನ ಎರಡು ಗಾಡಿ ತೋರಿಸಿದ. ಒಂದು ಮುದಿ ಜೀಪು. ಇನ್ನೊಂದು ಅದಕ್ಕಿಂತ ಹೊಸದು, ಮೇಲೆ ಗಟ್ಟಿ ಚಾವಣಿ, ನಡುವೆ ಒಂದು ಸೀಟು, ಹಿಂದೆ ಎದುರುಬದುರು ಸೀಟು.

"ಅಕ್ಕೋರ, ಇದರಾಗ ಟ್ರ್ಯಾಕ್ಷನ್ ಕಂಟ್ರೋಲ್ ಅದ" ಎಂದ ಮೈನುದ್ದೀನ. "ಗಾಲಿ ಜಾರಿ ಸುಮ್ಮ ಗರಗರ ತಿರುಗಾಕತ್ತಿದ್ರ ಗಾಡೀನ ತಿಳಕೊಂಡು ಆ ಗಾಲಿಗೆ ಬ್ರೇಕ್ ಹಿಡೀತದ. ಇಂಜಿನ್ನಿನ ದಮ್ ಕಮ್ಮಿ ಮಾಡ್ತದ. ಡ್ರೈವರ್ ಏನೂ ಹೇಳೂದು ಬ್ಯಾಡ."

"ಡ್ರೈವರನ ಮಾತು ಕೇಳೂದಿಲ್ಲ ಅನ್ರಿ. ನನ್ನ ಸೊಸಿ ಇದ್ದಂಗ."

"ಸೊಸಿ ಮಾತು ಒಮ್ಮೊಮ್ಮೆ ಕೇಳ್ಬೇಕ್ರಿ ಅಕ್ಕೋರ" ಎಂದು ಮೈನುದ್ದೀನ ನಕ್ಕ.

ಹಣಮಮ್ಮ ನಗಲಿಲ್ಲ. ಅಪ್ಪ ಎತ್ತಿನ ಮುಂದೆ ನಿಲ್ಲುತ್ತಿದ್ದ ಹಾಗೆ ಸೆರಗು ಬಿಗಿದು ನಿಂತಿದ್ದಳು. "ಹಸಿ ಕರಿಮಣ್ಣಿಗೆ ಇಳಸ್ರಿ, ನೋಡೂನು" ಎಂದಳು.

ಊರಾಚೆ ನೀರುಂಡ ಒಂದು ಹೊಲಕ್ಕೆ ಮೈನುದ್ದೀನ ಗಾಡಿ ಇಳಿಸಿದ. ಸ್ವಲ್ಪ ದೂರ ನಡೆದು ಗಾಲಿಗೆ ಮಣ್ಣು ಮೆತ್ತಿಕೊಂಡಿತು. ಒಳಗೆ ಹಳದಿ ದೀಪವೊಂದು ಮಿಣುಕಿತು. ಅವನು ಎಕ್ಸಲರೇಟರ್ ಒತ್ತಿದಷ್ಟೂ ಇಂಜಿನ್ನಿನ ಸದ್ದು ಕುಗ್ಗಿ, ಕೆಮ್ಮಿ, ಗಾಡಿ ತಲೆ ತಗ್ಗಿಸಿ ನಿಂತುಬಿಟ್ಟಿತು. ಹಣಮಮ್ಮ ತಮ್ಮನ ಮುಖ ನೋಡಿದಳು. ಆಮೇಲೆ ಮೈನುದ್ದೀನ ಆ ಕಂಟ್ರೋಲು ಬಂದ್ ಮಾಡುವ ಗುಂಡಿ ಒತ್ತಿದ. ಈಗ ನಾಲ್ಕೂ ಗಾಲಿ ಮಣ್ಣು ಕಿತ್ತು ಹಿಂದಕ್ಕೆ ಎಸೆಯುತ್ತ, ಗಾಡಿ ಅತ್ತಿತ್ತ ಹೊಯ್ದಾಡುತ್ತ, ಗರ್ಜಿಸಿ ಮೇಲೆದ್ದು ಬಂತು.

"ನೋಡಿದೇನಪಾ" ಎಂದಳು ಹಣಮಮ್ಮ. "ಗಾಡಿ ಛಲೋ ಅದ. ಆ ಕಂಟ್ರೋಲ ಅದನ್ನ ಮೈಗಳ್ಳ ಮಾಡೇದ."

"ಗದ್ದಿ ಕೆಸರಿನ್ಯಾಗ ಅದನ್ನ ಬಂದ್ ಮಾಡ್ಕೋಬೇಕ್ರಿ" ಎಂದ ಮೈನುದ್ದೀನ ಇಳಿಯುತ್ತ. "ಆದ್ರ ಏರಿ ಮ್ಯಾಲ, ಮಳಿ ರಸ್ತಾದಾಗ ಚಾಲೂ ಇರ್ಬೇಕು. ಅಂಥ ಜಾರೂ ಜಾಗಾದಾಗ ನಿಮ್ಮನ್ನ ಕಾಯೋದು ಅದ."

ಅಷ್ಟರಲ್ಲಿ ಹಣಮಮ್ಮ ಹಿಂದಿನ ಬಾಗಿಲು ತೆಗೆದು ಸೀಟು ಒತ್ತಿ ನೋಡುತ್ತಿದ್ದಳು. ಅವನ ಮೊದಲ ಮಾತು ಕಿವಿಗೆ ಬಿತ್ತು. ಎರಡನೆಯದೂ ಬಿತ್ತು, ಆದರೆ ಅದು ಮಾರುವವನ ಮಾತು ಎಂದು ಅಲ್ಲೇ ಬಿಟ್ಟಳು. ಸಂತೆಯಲ್ಲಿ ಮೈಗಳ್ಳ ಎತ್ತನ್ನು ಮಾರುವವರೂ ಹೀಗೇ ಹೇಳುತ್ತಿದ್ದರು. ಇದು ಸುಮ್ಮ ನಿಂತಿಲ್ಲ, ವಿಚಾರ ಮಾಡಾಕತ್ತದ ಅಂತ.

ಗಾಡಿ ಮನೆಗೆ ಬಂದ ದಿನ ಹೊಸ ಎತ್ತಿಗೆ ಮಾಡಿದ ಹಾಗೇ ಎಲ್ಲ ಮಾಡಿದರು. ಗಾಲಿ ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಮುಂದೆ ರೊಟ್ಟಿ ಬೆಲ್ಲ ಇಟ್ಟರು. "ಬಾಯಿ ಎಲ್ಲಿ ಅದ ಇದಕ್ಕ?" ಎಂದು ಬಾಲಮ್ಮ ಸುತ್ತು ಬಂದಳು. ಊರಲ್ಲಿ ಟ್ರ್ಯಾಕ್ಟರ್ ಇಟ್ಟ ಸೂಗಪ್ಪ ಕಟ್ಟೆಯ ಮೇಲೆ ಕೂತಿದ್ದ. "ನನ್ನ ಟ್ರ್ಯಾಲಿ ಹೊಲಸು ಆತು, ಈಗ ರಾಣ್ಯಾರು ಮೋಟಾರಿನ್ಯಾಗ ನಾಟಿಗೆ ಹೊಂಟಾರ" ಎಂದ.

ತೊಡಕು ಬಂದದ್ದು ಗುಂಡಿಯಿಂದ. ಗಾಡಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗೆಲ್ಲ ಆ ಕಂಟ್ರೋಲು ತಾನೇ ಎಚ್ಚರಾಗುತ್ತಿತ್ತು. ಮಹಾದೇವಪ್ಪ ಮರೆಯುತ್ತಿದ್ದ, ಗದ್ದೆಯ ಬದುವಿನಲ್ಲಿ ಗಾಡಿ ನಿಲ್ಲುತ್ತಿತ್ತು, ಹೆಂಗಸರು ಇಳಿದು ಕೆಸರಲ್ಲಿ ನೂಕುತ್ತಿದ್ದರು. ಒಂದು ದಿನ ಹಣಮಮ್ಮನಿಗೆ ಸಾಕಾಯಿತು.

"ಬೇರಿನಿಂದ ಕೀಳಸು ಅದನ್ನ."

"ಯಕ್ಕಾ, ಮೈನುದ್ದೀನ ಏರಿ ಮ್ಯಾಲ ಬೇಕು ಅಂದಿದ್ದ."

"ಏರಿ ಮ್ಯಾಲ ಕೆಸರು ಎಲ್ಲಿ ಅದ? ಅಲ್ಲಿ ಗರಸು ಹಾಕ್ಯಾರ."

ಶಹಾಪುರದಲ್ಲಿ ಗಾಡಿಗಳ ವಯರಿಂಗ್ ಕೆಲಸ ಮಾಡುವವನೊಬ್ಬ ಫ್ಯೂಸ್ ಕಿತ್ತು ಮಹಾದೇವಪ್ಪನ ಕೈಗೆ ಕೊಟ್ಟ. ಇನ್ನು ಈ ದೀಪ ಆರುವುದಿಲ್ಲ ಎಂದೂ ಹೇಳಿದ. ಹಾಗೇ ಆಯಿತು. ಮುಂದೆ ಕೂತವರ ಕಣ್ಣಿಗೆ ಆ ಹಳದಿ ದೀಪ ಹಗಲೂ ಉರಿಯುತ್ತಿತ್ತು. ಹಣಮಮ್ಮ ತನ್ನ ಹಣೆಯ ಟಿಕಳಿ ತೆಗೆದು ಅದರ ಮೇಲೆ ಅಂಟಿಸಿದಳು.

ಗಾಡಿ ಗದ್ದೆಯ ಕೆಸರಲ್ಲಿ ಹೋರಿಯ ಹಾಗೆ ನುಗ್ಗಿತು. ನೂಕುವ ಕೆಲಸ ತಪ್ಪಿತು. ಕೆಲ ದಿನ ಹಣಮಮ್ಮ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಹೋದಳು.

ಆಮೇಲೆ ಮಳೆ ಹಿಡಿಯಿತು. ಜೋರು ಮಳೆಯಲ್ಲ, ಬಿಡದೆ ಜಿಟಿಜಿಟಿ. ಏರಿಗೆ ಹಾಸಿದ್ದ ಗರಸಿನ ಕಲ್ಲುಮಣ್ಣು ಅಲ್ಲಲ್ಲಿ ತೊಳೆದುಹೋಗಿ, ಅಡಿಯ ಕರಿಮಣ್ಣು ಎಣ್ಣೆ ಸವರಿದ ಹಂಚಿನ ಹಾಗೆ ಮಿನುಗತೊಡಗಿತು. ಕೆನಾಲಿನಲ್ಲಿ ನೀರು ದಂಡೆಯ ತನಕ ಏರಿತ್ತು. ಅಷ್ಟು ನೀರು ಹರಿಯುತ್ತಿದ್ದರೂ ಸದ್ದಿರಲಿಲ್ಲ.

ಒಂದು ಸಂಜೆ ಕೆಲಸ ಮುಗಿಸಿ ಬರುತ್ತಿದ್ದಾಗ ಎದುರಿಗೆ ಸೂಗಪ್ಪನ ಟ್ರ್ಯಾಕ್ಟರ್ ಬಂತು, ಹಿಂದೆ ಗೊಬ್ಬರದ ಚೀಲ ಹೇರಿದ ಟ್ರ್ಯಾಲಿ. ಮಹಾದೇವಪ್ಪ ಎಡಕ್ಕೆ, ನೀರಿನ ಕಡೆಗೆ, ಸರಿದು ನಿಂತ. ಟ್ರ್ಯಾಕ್ಟರ್ ದಾಟಿತು. ಇವನು ಗಾಡಿ ಮುಂದೆ ಬಿಡಲು ಹೋದ. ಗಾಲಿ ತಿರುಗಿತು, ಗಾಡಿ ಕದಲಲಿಲ್ಲ.

"ಒತ್ತು" ಎಂದಳು ಹಣಮಮ್ಮ.

ಒತ್ತಿದ. ನಾಲ್ಕೂ ಗಾಲಿ ಒಮ್ಮೆಲೇ ಕೂಗಿದವು. ಗಾಡಿ ಮುಂದೆ ಹೋಗಲಿಲ್ಲ, ಹಿಂಭಾಗ ಮೆಲ್ಲಗೆ, ಯಾರೋ ಬಾಲ ಹಿಡಿದು ಎಳೆದ ಹಾಗೆ, ನೀರಿನ ಕಡೆಗೆ ಸರಿಯಿತು. ಹಿಂದಿನ ಎಡಗಾಲಿ ದಂಡೆ ಬಿಟ್ಟಿತು. ಮಹಾದೇವಪ್ಪ ಬ್ರೇಕ್ ತುಳಿದು ಹಾಗೇ ಹಿಡಿದ. ಮುಂಭಾಗ ತುಸು ಮೇಲೆದ್ದು ಅಲ್ಲೇ ತೂಗಿತು.

ಹಿಂದಿನ ಬಾಗಿಲ ಗಾಜಿನಲ್ಲಿ ನೀರು ಬಿಟ್ಟು ಬೇರೇನೂ ಇರಲಿಲ್ಲ. ಅಲ್ಲಿ ಕೂತ ಲಾಲಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು. ಮೊಲೆ ಕುಡಿಯುವ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು.

"ಆ ಬಾಗಿಲ ತೆಗೀಬ್ಯಾಡ" ಎಂದಳು ಹಣಮಮ್ಮ. ತನ್ನ ದನಿ ತನಗೇ ಬೇರೆ ಕೇಳಿಸಿತು. "ಲಾಲಮ್ಮಾ, ಮೆಲ್ಲಕ ನಡುವಿನ ಸೀಟಿನ ಮ್ಯಾಲ ಹಾಯ್ದು ಬಾ. ಹಿಂದಿನವರು ಮೊದಲ ಇಳೀರಿ, ಬಲಕ್ಕ. ನಡುವಿನವರು ಆಮ್ಯಾಲ."

"ನೀ ಇಳಿ ಯಕ್ಕಾ" ಎಂದ ಮಹಾದೇವಪ್ಪ.

"ನಾ ಇಳಿದ್ರ ಮುಂದಿನ ಭಾರ ಹೋಗ್ತದ. ಕಾಲು ತೆಗೀಬ್ಯಾಡ ನೀ."

ಒಬ್ಬೊಬ್ಬರೇ ಸೀಟಿನ ಮೇಲೆ ಹೊಟ್ಟೆಯೂರಿ ಹಾಯ್ದು ಇಳಿದರು. ಪ್ರತಿಯೊಬ್ಬರು ಇಳಿದಾಗಲೂ ಗಾಡಿ ಒಮ್ಮೆ ತೂಗುತ್ತಿತ್ತು, ಗಾಲಿಯಡಿಯ ಮಣ್ಣು ನೀರಿಗೆ ಬೀಳುವ ಪುಳುಕ್ ಸದ್ದು ಬರುತ್ತಿತ್ತು. ಎಲ್ಲರೂ ಇಳಿದ ಮೇಲೆ ಅಕ್ಕ ತಮ್ಮ ಇಬ್ಬರೇ ಉಳಿದರು.

ಕೂಗು ಕೇಳಿ ಸೂಗಪ್ಪ ಟ್ರ್ಯಾಲಿ ಕಳಚಿ ತಿರುಗಿ ಬಂದ. ಗಾಡಿಯ ಬಲಕ್ಕೆ ಹಾಯ್ದು, ಮುಂದೆ ಗರಸು ಉಳಿದಿದ್ದ ಜಾಗ ಹುಡುಕಿ ಟ್ರ್ಯಾಕ್ಟರ್ ನಿಲ್ಲಿಸಿ, ಗಾಡಿಯ ಮೂತಿಗೆ ಸರಪಳಿ ಬಿಗಿದ. ಸರಪಳಿ ಸೆಟೆಯಿತು. ಎಳೆತ ಬಂದ ಕೂಡಲೇ ಮಹಾದೇವಪ್ಪ ತಾನೂ ಜೋರು ಕೊಡಲು ಒತ್ತಿದ. ಗಾಲಿ ಮತ್ತೆ ಕೂಗಿತು, ಹಿಂಭಾಗ ಇನ್ನೊಂದು ಗೇಣು ನೀರಿಗಿಳಿಯಿತು.

"ಕಾಲು ತೆಗಿ" ಎಂದಳು ಹಣಮಮ್ಮ. ಅವನ ಮೊಣಕಾಲನ್ನು ಕೈಯಲ್ಲಿ ಒತ್ತಿ ಹಿಡಿದಳು. "ನೀ ಏನೂ ಮಾಡಬ್ಯಾಡ. ಅವ ಎಳೀಲಿ."

ಏನೂ ಮಾಡದೆ ಕೂರುವುದು ಇಷ್ಟು ಹೊತ್ತು ಹಿಡಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಟ್ರ್ಯಾಕ್ಟರ್ ಇರುವೆಯ ಹಾಗೆ ನಡೆಯಿತು. ಕೊನೆಗೆ ಹಿಂದಿನ ಗಾಲಿ ದಂಡೆ ಹತ್ತಿತು. ಹತ್ತಿದ ಕೂಡಲೇ ಅದು ನಿಂತಿದ್ದ ಮಣ್ಣಿನ ತುಂಡು ಪೂರ್ತಿ ಕುಸಿದು ನೀರೊಳಗೆ ಹೋಯಿತು. ಅವತ್ತು ಹೆಂಗಸರು ಊರ ತನಕ ನಡೆದೇ ಬಂದರು.

ಮರುದಿನ ಮಹಾದೇವಪ್ಪ ಶಹಾಪುರಕ್ಕೆ ಹೋಗಿ ಫ್ಯೂಸ್ ಹಾಕಿಸಿ, ದೀಪದ ಮೇಲಿನ ಟಿಕಳಿ ಕಿತ್ತುಕೊಂಡು ಬಂದ. ಅದರ ಮುಂದಿನ ಬೆಳಗು ಗಾಡಿ ಮನೆಯ ಮುಂದೆ ನಿಂತಿತು. ಯಾರೂ ಬರಲಿಲ್ಲ. ಹಣಮಮ್ಮ ಊರಬಾಗಿಲ ಅಗಸಿಯ ತನಕ ನಡೆದು ಹೋದಳು. ಅಲ್ಲಿ ಸೂಗಪ್ಪನ ಟ್ರ್ಯಾಲಿ ನಿಂತಿತ್ತು. ಅವಳ ಗುಂಪೆಲ್ಲ ಅದರೊಳಗೆ ಕೂತಿತ್ತು.

"ಲಾಲಮ್ಮಾ, ಇಳಿ."

"ಯಕ್ಕಾ, ಅವತ್ತು ಹಿಂದ ಕುಂತಾಕಿ ನಾನು" ಎಂದಳು ಲಾಲಮ್ಮ. ಮುಖ ಎತ್ತಲಿಲ್ಲ.

"ಈಗ ಹಾಕಿಸೇವಿ ಅದನ್ನ. ಜಾರಿದ್ರ ಹಿಡೀತದ."

"ಹಿಡೀತದೋ ಬಿಡ್ತದೋ ನಿನಗೇನ ಗೊತ್ತು ಯಕ್ಕಾ" ಎಂದಳು ಬಾಲಮ್ಮ. ಅದರಲ್ಲಿ ಸಿಟ್ಟಿರಲಿಲ್ಲ. "ಕೀಳಸು ಅಂದಾಕಿನೂ ನೀನ, ಹಾಕಸು ಅಂದಾಕಿನೂ ನೀನ."

"ಈ ಟ್ರ್ಯಾಲಿಗೆ ಏನದ ಬೇ? ಇದನ್ನ ಹಿಡಿಯಾಕ ಏನೂ ಇಲ್ಲ."

"ಏನೂ ಇಲ್ಲ ಅನ್ನೂದು ಗೊತ್ತದಲ್ಲ. ಮ್ಯಾಲ ಚಾವಣಿ ಇಲ್ಲ, ಹಾರಬಹುದು."

ಮಳೆಯಲ್ಲಿ ಏರಿ ಮೊನ್ನೆಗಿಂತ ಕೆಟ್ಟಿದೆ, ಇವತ್ತು ಬ್ಯಾಡ ಎನ್ನಬೇಕೆಂದು ಹಣಮಮ್ಮನ ಬಾಯಿ ತೆರೆಯಿತು. ಮೊನ್ನೆಯ ತನಕ ಅವಳು ಬ್ಯಾಡ ಎಂದರೆ ಸಾಕಿತ್ತು. ಸೂಗಪ್ಪ ಅವಳ ಕಡೆ ನೋಡದೆ ಟ್ರ್ಯಾಕ್ಟರ್ ಚಾಲೂ ಮಾಡಿದ. ಟ್ರ್ಯಾಲಿ ತುಳುಕುತ್ತ ಕೆನಾಲಿನ ಕಡೆಗೆ ತಿರುಗಿತು.

ಅವಳು ದೊಡ್ಡ ಹೆಜ್ಜೆ ಹಾಕಿ ಮನೆಗೆ ಬಂದಳು. ಉದ್ದ ಹಗ್ಗ, ಸರಪಳಿ ಎತ್ತಿ ಗಾಡಿಯ ಹಿಂದೆ ಹಾಕಿಸಿದಳು.

"ಎಲ್ಲಿಗೆ ಯಕ್ಕಾ?" ಎಂದ ಮಹಾದೇವಪ್ಪ.

"ಅವರ ಹಿಂದ. ದೂರ ಇರು. ಹಾರ್ನ್ ಹೊಡೀಬ್ಯಾಡ."

ಏರಿಯ ಮೇಲೆ ಗಾಡಿ ಒಂದೆರಡು ಕಡೆ ದೀಪ ಮಿಣುಕಿಸಿ, ತನ್ನ ವೇಗ ತಾನೇ ತಗ್ಗಿಸಿಕೊಂಡು, ನೆಟ್ಟಗೆ ನಡೆಯಿತು. ಹಣಮಮ್ಮ ದೀಪ ನೋಡಲಿಲ್ಲ. ಮುಂದಿನ ಮಣ್ಣಿನ ಮೇಲೆ ಟ್ರ್ಯಾಲಿಯ ಗಾಲಿಯ ಗುರುತು ಹಸಿಯಾಗಿ ಬಿದ್ದಿತ್ತು. ಅದು ಸ್ವಲ್ಪ ದೂರ ನೆಟ್ಟಗೆ ಹೋಗಿ, ನೀರಿನ ಕಡೆಗೆ ವಾಲಿ, ಮತ್ತೆ ಏರಿಗೆ ಬಂದಿತ್ತು. ಇನ್ನಷ್ಟು ಮುಂದೆ ಮತ್ತೆ ವಾಲಿತ್ತು, ಈ ಸಲ ಮೊದಲಿಗಿಂತ ಹೆಚ್ಚು. ಮಳೆಯ ಮಬ್ಬಿನಲ್ಲಿ ಟ್ರ್ಯಾಲಿ ಕಾಣುತ್ತಿರಲಿಲ್ಲ. ಹೆಂಗಸರ ಮಾತು ಮಾತ್ರ ಕೇಳುತ್ತಿತ್ತು. ಅದು ಕೇಳುತ್ತಿರುವ ತನಕ ಸರಿ ಎಂದುಕೊಂಡು ಅವಳು ಗಾಜು ಇಳಿಸಿದಳು.