ಇಡೀ ಎನ್ನುವುದಕ್ಕೆ ನೆರ್ಮಿನ್ ಕೊಟ್ಟ ಮಾತು

ಎ.ಸಿ.ಯ ಜಾಲರಿಯಿಂದ ಒಂದು ಹನಿ ಪಂಕಜಾಕ್ಷಿಯ ಕಾಲಿನ ಹೆಬ್ಬೆರಳ ಮೇಲೆ ಬಿತ್ತು, ತಣ್ಣಗೆ, ಇನ್ನೊಂದು ಕಟ್ಟಿಕೊಳ್ಳುತ್ತಿದೆ, ಬೀಳಲಿ, ಕಾಲು ಸರಿಸುವಷ್ಟು ತ್ರಾಣವೂ ಇಲ್ಲ, ಪಿಕಪ್ಪಿನೊಳಗೆ ಈರುಳ್ಳಿ ಗೋಣಿಯ ವಾಸನೆ, ಹೊರಗೆ ಮಧ್ಯಾಹ್ನದ ಬಿಳಿ ಬಿಸಿಲು, ಸಿಗ್ನಲ್ಲಿನ ಕೆಂಪು ಕೂಡ ಆ ಬಿಸಿಲಿನಲ್ಲಿ ಮಾಸಿ ಕಾಣುತ್ತದೆ — ಅಕ್ಕ, ಸ್ವಲ್ಪ ನೀರು ಕುಡೀರಿ, ಬೆಳಿಗ್ಗೆಯಿಂದ ನಿಮ್ಮ ಹೊಟ್ಟೆಗೆ ಎಂತದೂ ಇಲ್ಲ, ಎನ್ನುತ್ತಾನೆ ಅಬೂಬಕರ್, ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತ, ಪಾಪ, ಉಳ್ಳಾಲದವನು, ಗಲ್ಫಿಗೆ ಬಂದು ಗುದೈಬಿಯಾದ ಅವರ ಬಿಲ್ಡಿಂಗಿನ ಕೆಳಗೇ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿ ಇಟ್ಟುಕೊಂಡವನು, ಬೆಳಿಗ್ಗೆ ಜಯರಾಜ ಹಲ್ಲುಜ್ಜುತ್ತ ನಿಂತವನು ಹಾಗೇ ಉರುಳಿ ಕೈಕಾಲು ಸೆಟೆದು ಬಾಯಲ್ಲಿ ನೊರೆ — ಪೇಸ್ಟಿನ ನೊರೆಯೆಂದೇ ಅವಳು ಮೊದಲು ತಿಳಿದದ್ದು — ಅವಳ ಕೂಗು ಕೇಳಿ ಅಂಗಡಿಯನ್ನು ಹಾಗೇ ಬಿಟ್ಟು ಮೆಟ್ಟಿಲು ಹಾರಿ ಬಂದು ಗಂಡನನ್ನು ಹೆಗಲಿಗೆ ಹಾಕಿಕೊಂಡವನು ಇವನೇ. ಈಗ ಜಯರಾಜ ಆಸ್ಪತ್ರೆಯ ಹಾಸಿಗೆಯಲ್ಲಿ, ಕಣ್ಣು ಅರೆ ತೆರೆದು, ಮೂಗಿಗೆ ನಳಿಗೆ, ಹೆಂಡತಿಯನ್ನು ನೋಡಿಯೂ ಗುರುತು ಹಿಡಿಯದೆ, ಮತ್ತು ಡಾಕ್ಟರ್ ಸುಬೈದಾ ಕೊಟ್ಟ ಒಂದು ಶಬ್ದ ಇವಳ ಮಡಿಲಲ್ಲಿ, ಸೀಸ, ಸೀಸ ಅಂದರೆ ಶಾಲೆಯಲ್ಲಿ ಪೆನ್ಸಿಲಿಗೆ ಸೀಸದ ಕಡ್ಡಿ ಅನ್ನುತ್ತಿದ್ದರಲ್ಲ ಅದೇ ಅಲ್ಲವೇ, ಇಷ್ಟು ಸಣ್ಣ ಶಬ್ದ — ಮಗಳನ್ನು ಕರ್ಕೊಂಡು ಈಗಲೇ ಬನ್ನಿ, ತಡ ಮಾಡ್ಬೇಡಿ, ಅವಳ ರಕ್ತವೂ ನೋಡ್ಬೇಕು, ನಿಮ್ಮದೂ. ಅಬೂಬಕರ್, ಸ್ವಲ್ಪ ಬೇಗ ಹೋಗುವಾ. ಹೋಗುವಾ ಅಕ್ಕ, ಸಿಗ್ನಲ್ ಬಿಡಲಿ.

ಬಿಡುವುದಿಲ್ಲ ಸಿಗ್ನಲ್, ಮತ್ತು ಅವಳ ತಲೆಯೊಳಗೆ ಒಂದರ ಹಿಂದೆ ಒಂದಾಗಿ ಬಾಗಿಲುಗಳು ತೆರೆದುಕೊಳ್ಳುತ್ತವೆ, ಎಲ್ಲ ಆ ಕ್ಲಿನಿಕ್ಕಿನವೇ, ಗುದೈಬಿಯಾದ ಮೂಲೆಯದು, ಹೊರಗೆ ಹಸಿರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಹೋಲಿಸ್ಟಿಕ್ ಎಂದು ಬರೆದ ಕ್ಲಿನಿಕ್ಕು, ಒಳಗೆ ಮಾತ್ರ ಪ್ರತಿಯೊಂದು ಅಂಗಕ್ಕೆ ಒಂದು ಕೋಣೆ — ಹೊಟ್ಟೆ ಹಿಂಡುತ್ತದೆ ಎಂದು ಜಯರಾಜ ಹೋದಾಗ ಹೊಟ್ಟೆಯವನು ಗ್ಯಾಸ್ ಎಂದ, ಖಾರ ಬಿಡಿ ಎಂದ, ಅವಳು ಮೀನು ಸಾರಿಗೆ ಮೆಣಸು ಅರ್ಧ ಮಾಡಿದಳು, ಹೊಟ್ಟೆ ಹಿಂಡುವುದು ನಿಲ್ಲಲಿಲ್ಲ. ಆಮೇಲೆ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದು ಚಾದ ಗ್ಲಾಸು ಜಾರಿ ಒಡೆದಾಗ ಎಲುಬಿನವನು ಪಟ್ಟಿ ಕಟ್ಟಿದ, ಮುಖ ಬಿಳಿಚಿದಾಗ ಇನ್ನೊಬ್ಬಳು ಕಬ್ಬಿಣದ ಟಾನಿಕ್ ಕೊಟ್ಟಳು, ಮತ್ತು ಆ ಸಿಟ್ಟು, ಅಯ್ಯೋ ಆ ಸಿಟ್ಟು, ಮದುವೆಯಾದಾಗಿನಿಂದ ಒಂದು ದಿನವೂ ಏರಿದ ದನಿಯಲ್ಲಿ ಮಾತಾಡದ ಮನುಷ್ಯ ಅನ್ನದ ತಟ್ಟೆ ಎತ್ತಿ ಗೋಡೆಗೆ, ಮರುಕ್ಷಣ, ಯಾರು ಎಸೆದದ್ದು ಮಾರಾಯ್ತಿ ಇದನ್ನು, ಎಂದು ನಿಜವಾಗಿಯೂ ಗೊತ್ತಿಲ್ಲದವನ ಹಾಗೆ ಕೇಳಿದ್ದು, ಅದಕ್ಕೂ ಒಬ್ಬ ಡಾಕ್ಟರಿದ್ದ, ಗಲ್ಫ್ ಟೆನ್ಶನ್, ಊರಿಗೆ ಹೋಗಿ ಬನ್ನಿ ಸರಿಯಾಗ್ತದೆ ಎಂದ. ಮತ್ತು ಅವಳದೇ ಕೋಣೆ, ಹೆಂಗಸರ ಕೋಣೆ, ಅಲ್ಲಿ ಮೊದಲ ಸಲ, ಆಮೇಲೆ ಮತ್ತೊಂದು ಸಲ, ಹೊಟ್ಟೆಯಲ್ಲಿ ನಿಂತದ್ದು ನಿಲ್ಲದೆ ಹೋದಾಗ, ಆಗ್ತದೆ ಹೀಗೆ, ನೀವಿನ್ನೂ ಚಿಕ್ಕವರು — ಆ ಕೋಣೆಯಿಂದ ಹೊರಬಂದು ಗಂಡನ ಎಲುಬಿನ ಕೋಣೆಯೆದುರು ಬೆಂಚಿನ ಮೇಲೆ ಕೂತಿದ್ದಳಲ್ಲ, ಎರಡು ಬಾಗಿಲಿನ ನಡುವೆ, ಒಂದು ಬಾಗಿಲಿಗೆ ಇನ್ನೊಂದರ ಸುದ್ದಿ ಇಲ್ಲ ಎಂದು ಆಗ ಹೊಳೆಯಲಿಲ್ಲ, ಯಾರಿಗೆ ಹೊಳೆಯುತ್ತದೆ, ಎಲ್ಲ ಕೋಣೆಗೂ ಹೋದದ್ದು ತಾನೊಬ್ಬಳೇ, ಹೊಳೆಯಬೇಕಾಗಿದ್ದರೆ ತನಗೇ.

ಹೊಳೆದದ್ದು ನೆರ್ಮಿನಳಿಗೆ, ಅಥವಾ ಹೊಳೆಯುವುದರ ಹತ್ತಿರ ಬಂದದ್ದು — ಎದುರು ಫ್ಲಾಟಿನ ತುರ್ಕಿ ಹೆಂಗಸು, ಗಂಡ ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗಿನ ಇಂಜಿನಿಯರು, ಜಯರಾಜ ಸ್ಟೋರ್ ಮ್ಯಾನೇಜರ್ ಆಗಿರುವ ಅದೇ ರಿಪೇರಿ ವರ್ಕ್‌ಶಾಪಿನಲ್ಲಿ, ಇಜ್ಮಿರಿನ ಶಾಲೆಯಲ್ಲಿ ಟೀಚರಾಗಿದ್ದವಳು ಇಲ್ಲಿ ಕಲಿಸಲಿಕ್ಕೆ ಯಾರೂ ಇಲ್ಲದೆ ಪಂಕಜಾಕ್ಷಿಗೆ ಶಬ್ದ ಕಲಿಸುತ್ತಿದ್ದಳು, ಒಂದಕ್ಕೊಂದು ಲೆಕ್ಕ, ನೀನೊಂದು ಕೊಡು ನಾನೊಂದು ಕೊಡುತ್ತೇನೆ, ಇಬ್ಬರದೂ ಹರುಕು ಇಂಗ್ಲಿಷು. ಆ ಹಸಿರು ಬೋರ್ಡಿನ ಶಬ್ದಕ್ಕೆ ಏನರ್ಥ ಎಂದು ಇವಳೇ ಕೇಳಿದ್ದು, ನೆರ್ಮಿನ್ ನಕ್ಕಿದ್ದಳು, ನಮ್ಮಲ್ಲಿ ಅದಕ್ಕೆ ಹಳೆಯ ಮಾತುಂಟು, ಬ್ಯುತ್ಯುನ್, ಪೂರ್ತಿ ಎಂದು, ತುಟಿ ಮುಂದೆ ಮಾಡಿ ಹೇಳು, ಬುತ್ತುನ್ ಅಲ್ಲ ಬ್ಯುತ್ಯುನ್ — ಇವಳ ಬಾಯಲ್ಲಿ ಅದು ಬುತ್ತಿಯೇ ಆಯಿತು, ಗಂಡ ದಿನಾ ಕೊಂಡುಹೋಗುವ ಬುತ್ತಿ. ಇನ್ನೊಂದು ತಾಮ್, ಅದೂ ಪೂರ್ತಿ ಎಂದೇ ಅರ್ಥ, ಏನೂ ಕಮ್ಮಿಯಿಲ್ಲ ಎಂದು. ಮತ್ತೊಂದು ಸಾಲಮ್, ಒಡೆಯದ್ದು, ಗಟ್ಟಿಯದ್ದು, ಅದನ್ನು ಮೊದಲು ಕೇಳಿದಾಗ ಪಂಕಜಾಕ್ಷಿ ವಅಲೈಕುಂ ಸಲಾಂ ಎಂದುಬಿಟ್ಟಿದ್ದಳು, ಇಬ್ಬರೂ ನಕ್ಕು ನಕ್ಕು ಸೋಫಾದಿಂದ ಬೀಳುವುದೊಂದು ಬಾಕಿ. ಎಲ್ಲ ಒಂದೇ ಅಲ್ವಾ ಹಾಗಾದ್ರೆ, ಎಂದರೆ ಟೀಚರಮ್ಮ ಒಪ್ಪಲಿಲ್ಲ, ಒಳಗಿನಿಂದ ರೊಟ್ಟಿ ತಂದಳು, ಚೂರಿಯಿಂದ ಕೊಯ್ದಳು, ತುಂಡುಗಳನ್ನು ಮತ್ತೆ ಸಾಲಾಗಿ ಜೋಡಿಸಿ ಮೊದಲಿನ ಹಾಗೇ ಮಾಡಿದಳು, ನೋಡು, ಒಂದು ತುಂಡೂ ಹೋಗಿಲ್ಲ, ಇದು ತಾಮ್, ಆದರೆ ಇದು ಇನ್ನು ಬ್ಯುತ್ಯುನ್ ಅಲ್ಲ, ಯಾವತ್ತಿಗೂ ಅಲ್ಲ. ನಿಮ್ಮಲ್ಲೇನು ಹೇಳುತ್ತೀರಿ? ಇಡೀ, ಎಂದಳು ಪಂಕಜಾಕ್ಷಿ, ಇಡೀ ರೊಟ್ಟಿ, ಇಡೀ ಊರು, ಇಡೀ ಮನೆ. ಆಗ ನೆರ್ಮಿನ್ ನಗು ನಿಲ್ಲಿಸಿ ಕೇಳಿದ್ದು, ನಿನ್ನ ಗಂಡನನ್ನು ಇಡೀ ಆಗಿ ನೋಡಿದವರು ಯಾರು? ಹೊಟ್ಟೆ ನೋಡಿದರು, ಕೈ ನೋಡಿದರು — ಮತ್ತೆ ದನಿ ತಗ್ಗಿಸಿ, ನಿನ್ನ ಹುಡುಗಿಯೂ ಹೊಟ್ಟೆ ನೋವು ಅನ್ನುತ್ತಾಳೆ, ಅಲ್ಲವಾ? ಅನ್ನುತ್ತಾಳೆ, ಶಾಲೆಗೆ ಹೋಗಲಿಕ್ಕೆ ಮನಸ್ಸಿಲ್ಲ ಅದಕ್ಕೆ, ಎಂದಿದ್ದಳು ಪಂಕಜಾಕ್ಷಿ, ಸ್ವಲ್ಪ ಬಿರುಸಾಗಿಯೇ, ಮಿಸ್ ಕೂಡ ಹೇಳಿದ್ದಾರೆ, ಜ್ಯೋತ್ಸ್ನಾ ಈಗೀಗ ಕ್ಲಾಸಿನಲ್ಲಿ ಮಂಕಾಗಿದ್ದಾಳೆ, ಕಲಿತ ಮಗ್ಗಿ ಮರೆಯುತ್ತಾಳೆ, ಸೋಮಾರಿತನ ಎಂದು, ಮತ್ತು ತಾನೂ ಹಾಗೇ ನಂಬಿ ಒಂದೆರಡು ಬಿಟ್ಟೂ ಇದ್ದಾಳೆ, ಬೆನ್ನಿಗೆ, ಆ ಪುಟ್ಟ ಬೆನ್ನಿಗೆ.

ಸಿಗ್ನಲ್ ಬಿಟ್ಟಿತು, ಪಿಕಪ್ ಜಗ್ಗಿತು, ಹಿಂದೆ ಖಾಲಿ ಕ್ರೇಟುಗಳು ಕಟಕಟ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರ್ ಸುಬೈದಾ ಕೈಯನ್ನೂ ಹೊಟ್ಟೆಯನ್ನೂ ಬಿಟ್ಟು ಮೊದಲು ಕೇಳಿದ್ದೇ ಬೇರೆ, ಎಲ್ಲಿಯವರು ನೀವು, ಮಲ್ಪೆಯಾ, ನಾನು ಬಂಟ್ವಾಳ, ಹೇಳಿ ಇವರು ರಜೆ ದಿನ ಎಂತ ಮಾಡ್ತಾರೆ? ಮೀನು ಹಿಡೀತಾರೆ ಡಾಕ್ಟ್ರೇ, ಶುಕ್ರವಾರ ಕಾಸ್‌ವೇ ಸೇತುವೆ ಕಡೆಗೆ ಹೋಗ್ತಾರೆ ಗೆಳೆಯರೊಟ್ಟಿಗೆ, ಹಮ್ಮೂರ್ ತರ್ತಾರೆ. ಗಾಳ ಮುಳುಗಲಿಕ್ಕೆ ಕಟ್ಟುವ ಗುಂಡು ಎಲ್ಲಿಂದ? ಅದನ್ನು ಮನೆಯಲ್ಲೇ ಎರಕ ಹೊಯ್ತಾರೆ, ಎಂದಳು, ಹೆಮ್ಮೆಯಿಂದಲೇ ಎಂದಳಲ್ಲ, ಎಲ್ಲರಿಗೂ ಅವರೇ ಮಾಡಿಕೊಡುವುದು, ವರ್ಕ್‌ಶಾಪಿನ ಹಳೇ ಬ್ಯಾಟರಿ ಒಡೆದು ಒಳಗಿನದ್ದು ತರ್ತಾರೆ — ಡಾಕ್ಟರ್ ಪೆನ್ನು ಕೆಳಗಿಟ್ಟರು. ಎಲ್ಲಿ ಕರಗಿಸ್ತಾರೆ? ಅಡುಗೆ ಒಲೆಯಲ್ಲಿ. ಕಿಟಕಿ? ಮುಚ್ಚಿರ್ತದೆ, ತೆರೆದ್ರೆ ಎ.ಸಿ. ತಂಪು ಹೋಗ್ತದಲ್ಲ. ಆಮೇಲೆ ಡಾಕ್ಟರ್ ಎದ್ದು ಜಯರಾಜನ ಮೇಲ್ತುಟಿಯನ್ನು ಹೆಬ್ಬೆರಳಿನಿಂದ ಎತ್ತಿದರು, ಬನ್ನಿ ಇಲ್ಲಿ, ನೋಡಿ, ಎಂದರು, ಮತ್ತು ಅವಳು ನೋಡಿದಳು, ಹಲ್ಲಿನ ಬುಡಕ್ಕೆ ಒತ್ತಿಕೊಂಡು ಒಸಡಿನ ಅಂಚಿನುದ್ದಕ್ಕೂ ಒಂದು ಗೆರೆ, ನೀಲಿ, ಶಾಯಿ ಪೆನ್ನಿನಿಂದ ನಿಧಾನವಾಗಿ ಎಳೆದ ಹಾಗೆ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದ ಬಾಯಿ. ನಿಮಗೆ ಎರಡು ಸಲ ಹೋಯಿತು ಅಂದಿರಲ್ಲ, ಅದಕ್ಕೂ ಇದಕ್ಕೂ, ಎಂದು ಡಾಕ್ಟರ್ ಅರ್ಧಕ್ಕೆ ನಿಲ್ಲಿಸಿದರು, ನಿಲ್ಲಿಸಿದ್ದು ಕೇಳಿಸಿತು, ಹೇಳಿದ್ದಕ್ಕಿಂತ ಚೆನ್ನಾಗಿ ಕೇಳಿಸಿತು.

ಬಂತಕ್ಕ, ಎಂದ ಅಬೂಬಕರ್, ನಾನು ಇಲ್ಲೇ ಕೆಳಗೆ ಇರ್ತೇನೆ, ಗಾಡಿ ಬಂದ್ ಮಾಡುದಿಲ್ಲ. ಮೆಟ್ಟಿಲು, ಯಾರದೋ ಮನೆಯ ಒಗ್ಗರಣೆ, ಮಗಳು ಇರುವುದು ಎಡಗಡೆ ನೆರ್ಮಿನಳ ಮನೆಯಲ್ಲಿ, ಆದರೆ ಕಾಲು ಬಲಕ್ಕೆ ತಿರುಗಿತು, ಕೀಲಿ ತಿರುಗಿತು, ಅಡುಗೆಮನೆ ಅವಳು ಬಿಟ್ಟುಹೋದ ಹಾಗೇ, ಒಂದು ಒಲೆಯ ಮೇಲೆ ಮುಚ್ಚಿದ ಗಂಜಿ, ಪಕ್ಕದ ಒಲೆಯ ಮೇಲೆ ಆ ತಳ ಕಪ್ಪಾದ ಬಾಣಲೆ, ಎರಡರ ನಡುವೆ ಒಂದು ಗೇಣು. ಗ್ಯಾಸಿನ ನೀಲಿ ಬೆಂಕಿ, ಬಾಣಲೆಯಲ್ಲಿ ಸೀಸ ಕರಗಿ ಕನ್ನಡಿಯ ಹಾಗೆ ಆಗುವಾಗ ಅದರಲ್ಲಿ ಮುಖ ನೋಡಲಿಕ್ಕೆ ಜ್ಯೋತ್ಸ್ನಾ ಸ್ಟೂಲು ಹತ್ತುತ್ತಿದ್ದಳು, ಪಪ್ಪಾ ನಂಗೆ ಒಂದು ಸಿಲ್ವರ್ ಬಾಲ್, ಎಂದು ಕಾಡುತ್ತಿದ್ದಳು, ಹೊಗೆಗೆ ಕೆಮ್ಮಿದರೆ ದೂರ ಹೋಗು ಎಂದು ಒಬ್ಬರೂ ಹೇಳಲಿಲ್ಲ, ಸಿಹಿ ವಾಸನೆ ಎನ್ನುತ್ತಿದ್ದಳು ಮಗಳು. ಮೇಲೆ ಕಟ್ಟಿದ ಬೂದು ಕೆನೆಯನ್ನು ಜಯರಾಜ ಚಮಚದಿಂದ ತೆಗೆದು ಸಿಂಕಿನ ಬದಿಗೆ ಬಡಿಯುತ್ತಿದ್ದ, ಆ ಬೂದಿಯನ್ನು ಒರೆಸಿದ ಬಟ್ಟೆಯಿಂದಲೇ ಇವಳು ತಟ್ಟೆ ಒರೆಸಿದ್ದುಂಟು, ಒರೆಸಿದ ತಟ್ಟೆಯಲ್ಲೇ ಬಡಿಸಿದ್ದುಂಟು, ಎಷ್ಟು ಸಲ, ಯಾರು ಎಣಿಸಿದ್ದಾರೆ. ಬಾಣಲೆಯನ್ನು ಸೆರಗಿನಲ್ಲಿ ಹಿಡಿದು ಎತ್ತಿದಳು, ಎಸೆದುಬಿಡಬೇಕು, ಎಲ್ಲಿಗೆ, ಕಿಟಕಿಯಿಂದ ಕೆಳಗೆ ಅಬೂಬಕರನ ಅಂಗಡಿ, ಮೆಟ್ಟಿಲ ಬುಡದ ಕಸದ ಡಬ್ಬಿಯನ್ನು ತಡಕುವವರ ಮನೆಯಲ್ಲೂ ಮಕ್ಕಳಿರುತ್ತಾರೆ — ನೆರ್ಮಿನಳ ಮಾತು ಈಗ ಬೇರೆ ಥರ ತಿರುಗಿ ಬಂತು, ಕೊಯ್ಯದ ರೊಟ್ಟಿ ಎಂದಾಗ ಎಷ್ಟು ಒಳ್ಳೆಯದಾಗಿ ಕೇಳಿಸಿತ್ತು, ಆದರೆ ಇಡೀ ಎಂದರೆ ಯಾವುದನ್ನೂ ಹೊರಗಿಡಲಿಕ್ಕೆ ಆಗುವುದಿಲ್ಲ ಅಂತಲೂ ಅಲ್ಲವೇ, ಗಂಜಿಯನ್ನು ಬಾಣಲೆಯಿಂದ, ಕೈಯನ್ನು ಹೊಟ್ಟೆಯಿಂದ, ಅವನ ಸಿಟ್ಟನ್ನು ತನ್ನ ಎರಡು ಸಲ ಖಾಲಿಯಾದ ಮಡಿಲಿನಿಂದ. ಬಾಣಲೆಯನ್ನು ಮತ್ತೆ ಒಲೆಯ ಮೇಲೇ ಇಟ್ಟಳು, ಗಂಜಿಯನ್ನು ಸಿಂಕಿಗೆ ಸುರಿದಳು, ಕೈ ತೊಳೆದಳು, ಒರೆಸಲಿಕ್ಕೆ ಬಟ್ಟೆಗೆ ಕೈ ಚಾಚಿ ಹಿಂದೆ ತೆಗೆದಳು, ಒದ್ದೆ ಕೈಯಲ್ಲೇ ಎದುರು ಬಾಗಿಲು ಬಡಿದಳು.

ನೆರ್ಮಿನ್ ಬಾಗಿಲು ತೆರೆದವಳು ಇಂಗ್ಲಿಷೇ ಮರೆತು ಇವಳ ಭುಜ ಹಿಡಿದು, ಸಾ? ಜಯರಾಜ್ ಸಾ? ಎಂದಾಗ ಪಂಕಜಾಕ್ಷಿಗೆ ಕೇಳಿಸಿದ್ದೇ ಬೇರೆ, ಸಾ ಎಂದರೆ ಸಾಯಿ, ಸಾವು, ಇನ್ನೇನು — ಅಲ್ಲ, ತಡೆ, ಅವಳ ಭಾಷೆಯಲ್ಲಿ ಅದು ಬದುಕಿರುವುದು, ಉಸಿರಾಡುತ್ತಿರುವುದು, ಸಾಲಮ್ ಹುಟ್ಟಿದ್ದೂ ಅದರಿಂದಲೇ ಎಂದು ಅವಳೇ ಹೇಳಿದ್ದು, ಹೌದು ನೆರ್ಮಿನ್, ಇದ್ದಾರೆ, ಸಾ, ಎಂದಳು. ಜ್ಯೋತ್ಸ್ನಾ ಎಲ್ಲಿ? ಒಳಗೆ, ಟಿ.ವಿ. ಮುಂದೆ ನೆಲದ ಮೇಲೆ, ಬೆನ್ನು ಈ ಕಡೆ, ಗಾಳದ ದಾರದ ತುಂಡೊಂದನ್ನು ಬೆರಳಿಗೆ ಸುತ್ತಿಕೊಂಡು, ಅದರ ತುದಿಯಲ್ಲೊಂದು ಸಣ್ಣ ಗುಂಡು, ಬಟಾಣಿಯಷ್ಟು, ಸೀಳು ಬಿಟ್ಟದ್ದು, ಪಪ್ಪನ ಹಾಗೆ ಅದನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿ ದಾರಕ್ಕೆ ಬಿಗಿ ಮಾಡುತ್ತಿದ್ದಾಳೆ, ಜೋರಾಗಿ, ಶ್ರದ್ಧೆಯಿಂದ — ಉಗುಳು, ಉಗುಳು ಅದನ್ನು, ಎಂದು ಕೂಗಿ ಓಡಿಹೋಗಿ ಅಂಗೈ ಒಡ್ಡಿದಳು, ಗುಂಡು ಅಂಗೈಗೆ ಬಿತ್ತು, ಬೆಚ್ಚಗೆ, ಎಂಜಲಿನಿಂದ ಹೊಳೆಯುತ್ತ, ಮಗಳು ಬೆದರಿದಳು, ಸಾರಿ ಮಮ್ಮಿ, ಐ ವಾಸ್ ಓನ್ಲಿ ಹೆಲ್ಪಿಂಗ್ ಪಪ್ಪಾ, ಪಪ್ಪಾ ಬಂದ್ರಾ? ಇಲ್ಲ ಪುಟ್ಟಿ, ನಾವೇ ಹೋಗುವಾ ಅವರ ಹತ್ತಿರ, ಅಬೂಬಕರ್ ಮಾಮ ಗಾಡಿ ತಂದಿದ್ದಾರೆ, ಈಗಲೇ ಹೋಗುವಾ, ಬೈಯುದಿಲ್ಲ ನಾನು, ಇಲ್ಲಿ ನೋಡು, ಒಮ್ಮೆ ಈ ಅನ್ನು. ಯಾಕೆ? ಸುಮ್ಮನೆ. ಮಗಳಿಗೆ ನೆನಪಾಯಿತು, ಮುಖ ಅರಳಿತು, ಮಮ್ಮಿ ಕೇಳಿದ್ದು ಹೊಸ ಹಲ್ಲು ನೋಡಲಿಕ್ಕೆ, ಮೊನ್ನೆ ತಾನೇ ತುದಿ ಕಾಣಿಸಿದ್ದು, ಲುಕ್ ಮಮ್ಮಿ, ಈ, ಎಂದು ತುಟಿಯನ್ನು ತಾನೇ ಎರಡು ಬೆರಳಿನಿಂದ ಮೇಲೆತ್ತಿ ಹಿಡಿದಳು, ಹಿಂದೆ ನೆರ್ಮಿನ್ ಏನೋ ಅನ್ನುತ್ತಿದ್ದಾಳೆ, ಕೆಳಗೆ ಗಾಡಿ ಗುರುಗುಡುತ್ತಿದೆ, ಹೊಸ ಹಲ್ಲು ಅಕ್ಕಿಯಷ್ಟು, ಬೆಳ್ಳಗೆ, ಅದರ ಪಕ್ಕ ಹಾಲುಹಲ್ಲು, ಹಾಲುಹಲ್ಲಿನ ಬುಡಕ್ಕೆ, ಗುಲಾಬಿ ಒಸಡಿನ ಅಂಚಿಗೆ, ಕೂದಲೆಳೆಯಷ್ಟು, ಇಲ್ಲ, ನೆರಳು ಅದು, ಟಿ.ವಿ.ಯ ಬೆಳಕು, ಇತ್ತ ತಿರುಗು, ಬೆಳಕಿಗೆ ತಿರುಗು, ಈ ಅನ್ನು, ಇನ್ನೊಮ್ಮೆ — ನೀಲಿ, ಒಸಡಿನ ಅಂಚಿನುದ್ದಕ್ಕೂ, ನಿಧಾನವಾಗಿ ಎಳೆದ ಹಾಗೆ, ನೀಲಿ ಗೆರೆ, ಗೆರೆ