ಹಿಕರಿ ಮರಕ್ಕೆ ಗರಗಸ ಬೇಡ

ಅಮೆರಿಕದ ಓಕ್ಲಹೋಮಾದಲ್ಲಿ, ಗುಡ್ಡದ ಬದಿಯ ಲೊರೀನ್ ಕೆಚರ್‌ಳ ಮನೆಯ ಪಕ್ಕದಲ್ಲಿದ್ದ ಹಿಕರಿ ಎಂಬ ಕಾಯಿಮರದ ಎಲೆಗಳು ಜೂನ್‌ನಲ್ಲೇ ಕಂದು ಚುಕ್ಕೆ ಬಿದ್ದು ಉದುರತೊಡಗಿದವು. ಅಣ್ಣ ವೆಸ್ಲಿ ಗರಗಸ ಹಿಡಿದು ಬಂದ.

"ರೋಗ ಹತ್ತಿದೆ ಕಣೇ, ಕಡಿದುಬಿಡೋಣ."

ಲೊರೀನ್ ಮರಕ್ಕೆ ಬೆನ್ನು ಕೊಟ್ಟು ನಿಂತಳು. "ಇದು ಬರೀ ಎಲೆಚುಕ್ಕೆ ರೋಗ. ಮಳೆ ಜಾಸ್ತಿಯಾದ್ರೆ ಬರತ್ತೆ. ಕಾಂಡದಲ್ಲಿ ಎಲ್ಲಾದ್ರೂ ಹುಣ್ಣಿದ್ಯಾ, ತೋರಿಸು!"

"ಸತ್ತು ಮನೆ ಮೇಲೆ ಬಿದ್ರೆ?"

"ನನ್ನ ಮನೆ ಮೇಲೆ ತಾನೇ? ಅಮ್ಮ ಇದರ ಕಾಯಿ ಜಜ್ಜಿ ಸಾರು ಮಾಡಿ ನಮ್ಮನ್ನ ಸಾಕಿದ್ಲು. ನಾನಿರೋವರೆಗೂ ಇದನ್ನ ಮುಟ್ಟಬೇಡ."

ವೆಸ್ಲಿ ಗೊಣಗುತ್ತ ಹೋದ. ಉದುರಿದ ಎಲೆಗಳನ್ನೆಲ್ಲ ಅವಳು ಗುಡಿಸಿ ಸುಟ್ಟಳು. ಚಳಿಗಾಲದಲ್ಲಿ ಒಣಗಿದ ಕೊಂಬೆಗಳನ್ನು ಕತ್ತರಿಸಿದಳು.

ಮರುವರ್ಷ ಮರ ದಟ್ಟವಾಗಿ ಚಿಗುರಿತು. ಚುಕ್ಕೆ ಬಿದ್ದ ಒಂದೆರಡು ಎಲೆ ಹುಡುಕಿ ತೋರಿಸಿ ವೆಸ್ಲಿ ಹೇಳಿದ, "ಮತ್ತೆ ಚುಕ್ಕೆ ಬಂದಿದೆ ನೋಡು."

"ಬರಲಿ ಬಿಡಣ್ಣ," ಎಂದಳು ಲೊರೀನ್. "ನಾನೂ ಇಲ್ಲೇ ಇದ್ದೀನಿ."