ಕನ್ನಡಿ ಮುಚ್ಚಿದ ತೂತುಗಳು

ಅಂಗಡಿಗೆ ಬಂದ ಯಾವ ಕಲ್ಲನ್ನೂ ಮುಖ ಕಾಣುವಷ್ಟು ಉಜ್ಜದೆ ಹೊರಗೆ ಬಿಡದವನು ಅವನು. ಹಾಗಾಗಿ ಬೀದಿಗೆಲ್ಲ 'ಕನ್ನಡಿ'. ಅತ್ತಿಗೆ ಒಂದು ಕೆಂಪು ಅದಿರಿನ ಗುಂಡು ಕೊಟ್ಟು "ಒಂದು ಮಗ್ಗುಲು ಸೀಳಿಕೊಡು" ಎಂದಿದ್ದಳು, ಅಷ್ಟೆ. ಅವನು ಸೀಳಿ, ಸೀಳಿದ ಮುಖದ ತೂತುಗಳಿಗೆಲ್ಲ ಕಲ್ಲಿನ ಬಣ್ಣದ್ದೇ ಅಂಟು ಮೆತ್ತಿ, ಉಜ್ಜಿ ಹೊಳಪಿಟ್ಟು, ಗಣಿ ವಿಚಾರಣೆಯ ದಿನ ಬೆಳಿಗ್ಗೆ ಮದುವಣಗಿತ್ತಿಯನ್ನು ಕರೆತಂದ ಹಾಗೆ ಮುಸುಕು ಹೊದಿಸಿ ತಂದ.

ಅತ್ತಿಗೆ ಬಟ್ಟೆ ಸರಿಸಿದಳು. ಕಲ್ಲಿನಲ್ಲಿ ಅವಳ ಮುಖ ಕಂಡಿತು.

"ತೂತು ಎಲ್ಲೋ?"

"ಒಂದೂ ಬಿಟ್ಟಿಲ್ಲ ಅತ್ತಿಗೆ!"

"ಅಯ್ಯೋ, ನಿನ್ನ ಜಾಣತನಕ್ಕೆ ಬೆಂಕಿ ಬೀಳ! ಆ ತೂತುಗಳೇ ಕಣೋ ನಮ್ಮ ಸಾಕ್ಷಿ!"

ಅತ್ತಿಗೆ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಹೇಳಿಕೊಡುವವಳು. ಬೀದಿಯ ನೆತ್ತಿಯ ಮೇಲಿರುವ ಗುಡ್ಡ ಜಾರದೆ ನಿಂತಿರುವುದೇ ಅದರ ತಲೆಯ ಮೇಲಿನ ಅದಿರಿನ ಚಿಪ್ಪಿನಿಂದ. ಅದು ಬರೀ ಸತ್ತ ಕಲ್ಲು, ಕಿತ್ತರೆ ಯಾರ ಗಂಟೂ ಹೋಗುವುದಿಲ್ಲ ಎಂಬುದು ಗಣಿ ಕಂಪನಿಯ ವಾದ. ತನ್ನ ಬಿರುಕು ತಾನೇ ಮುಚ್ಚಿಕೊಳ್ಳುವ ಜೀವಂತ ಚಿಪ್ಪು ಎಂದು ತೋರಿಸಿದರೆ ಅಗೆತ ನಿಲ್ಲುತ್ತದೆ. ಕಂಪನಿ ಬೇಲಿ ಹಾಕುವ ಮುನ್ನ ಅವಳ ಕೈಗೆ ಸಿಕ್ಕಿದ್ದು ಇದೊಂದೇ ಕಲ್ಲು.

"ಬೇರು ಹುಳಿ ಬಿಟ್ಟು ಕಬ್ಬಿಣ ಕರಗಿಸುತ್ತೆ. ಕಣ್ಣಿಗೆ ಕಾಣದ ಜೀವಿಗಳೂ ಕೈ ಹಾಕ್ತವೆ. ಕರಗಿದ್ದು ಗಾಳಿ ಸೋಕಿದಲ್ಲಿ ಮತ್ತೆ ತುಕ್ಕು ಕಟ್ಟಿ ಗಾರೆ ಥರ ಗಟ್ಟಿಯಾಗುತ್ತೆ. ಚಿಪ್ಪು ಬಿರುಕು ಬಿಟ್ಟಲ್ಲೆಲ್ಲ ತೇಪೆ ಹಾಕ್ತಾ ಬಂದಿರೋರು ಅವರೇ. ಬೇರು ಹೋದ ದಾರಿನೇ ಆ ತೂತು."

"ಹಾಗಾದ್ರೆ ನಮ್ಮ ಕಸುಬಿನೋರೇ ಅನ್ನಿ."

"ನಿನಗಿಂತ ಬುದ್ಧಿ ಇರೋರು. ನಡಿ, ಹೊತ್ತಾಯ್ತು."

ವಿಚಾರಣೆಯಲ್ಲಿ ಕಂಪನಿಯ ವಕೀಲ ಕಲ್ಲಿನ ಮೇಲೆ ಉಗುರು ಆಡಿಸಿ ಅಧಿಕಾರಿಯ ಕಡೆ ತಿರುಗಿ ನಕ್ಕ. "ಅಂಟು ಕೆರೆದರೆ ತೂತು ಬರುತ್ತಂತೆ ಮೇಡಂ! ಕೊರೆದವರೂ ಇವರೇ, ಮುಚ್ಚಿದವರೂ ಇವರೇ ಇರಬೇಕು."

ಸಭೆ ಗೊಳ್ಳೆಂದಿತು. ದುಡಿದವರನ್ನು ಇಲ್ಲವೆನ್ನಿಸುವುದರಲ್ಲಿ ಕಂಪನಿಯದು ಪಳಗಿದ ಕೈ. ಗಣಿಯಲ್ಲಿ ಬೆನ್ನು ಮುರಿದುಕೊಂಡ ಕನ್ನಡಿಯ ಅಣ್ಣನನ್ನೂ "ಇವನು ನಮ್ಮ ಕೆಲಸದವನೇ ಅಲ್ಲ" ಎಂದಿತ್ತು. ಈಗ ಬೇರಿನ ಸರದಿ. ಕನ್ನಡಿಗೆ ಮೈಯೆಲ್ಲ ಉರಿದುಹೋಯಿತು.

"ಮೇಲಿನ ಅಂಟು ನಂದೇ, ಒಪ್ಕೊಂಡೆ," ಎಂದು ಎದ್ದು ನಿಂತ. "ಒಳಗಡೆ ನಾನು ಹೋಗಿಲ್ವಲ್ಲ? ನಿಮ್ಮೆದುರಿಗೇ ನಡುಮಧ್ಯಕ್ಕೆ ಸೀಳ್ತೀನಿ. ಯಂತ್ರ ಗಾಡೀಲೇ ಇದೆ."

ವಿಚಾರಣೆಯ ಅಧಿಕಾರಿ ಹೆಂಗಸಿಗೂ ಕುತೂಹಲ ತಡೆಯಲಿಲ್ಲ. ಸಭೆ ಅಂಗಳಕ್ಕಿಳಿಯಿತು. ಮೋಸ ನಡೆದೀತೆಂದು ವಕೀಲ ಯಂತ್ರಕ್ಕೆ ಮೂಗು ತಾಗಿಸಿಕೊಂಡೇ ನಿಂತ. ನೀರು ಬಿಟ್ಟು ಅಲಗು ತಿರುಗಿಸಿದ್ದೇ ತಡ, ಕೆಂಪು ರಾಡಿ ಅವನ ಅಂಗಿಯಿಂದ ಷರಾಯಿಯವರೆಗೆ ಅಭಿಷೇಕ ಮಾಡಿತು.

ಕಲ್ಲು ಎರಡಾಯಿತು. ಒಳಮುಖದ ತುಂಬ ತೂತು. ಒಂದರಲ್ಲಿ ಕೂದಲೆಳೆಯಂಥ ಒಣ ಬೇರು ಇನ್ನೂ ಇತ್ತು. ಅದರ ಸುತ್ತ ಅದಿರು ಬಳೆಯ ಹಾಗೆ ಕಟ್ಟಿಕೊಂಡಿತ್ತು. ಅಧಿಕಾರಿ ಅದನ್ನು ಉಗುರಿನಿಂದ ಚಿಮುಟಿ ಎಳೆದರು. ತುದಿ ಮುರಿಯಿತೇ ಹೊರತು ಬೇರು ಹೊರಗೆ ಬರಲಿಲ್ಲ.

"ಇದನ್ನೂ ಇವನೇ ತುರುಕಿರಬೇಕು!" ವಕೀಲ ಕೂಗಿದ.

"ಕಲ್ಲು ಒಡೀದೆ ಬೇರು ತೂರಿಸೋ ವಿದ್ಯೆ ನನಗೆ ಬಂದಿದ್ರೆ, ಹೀಗೆ ಧೂಳು ಕುಡ್ಕೊಂಡು ಯಾಕಿರ್ತಿದ್ದೆ ಸ್ವಾಮಿ?"

ಅಧಿಕಾರಿ ಕೈ ಒರೆಸಿಕೊಂಡರು. "ಬೇಲಿ ಬೀಗದ ಕೈ ಕೊಡಿ. ನಾನೇ ಈ ಮೇಷ್ಟರಮ್ಮನ ಜೊತೆ ಗುಡ್ಡ ಹತ್ತಿ ನೋಡ್ತೀನಿ. ಅಲ್ಲೀತನಕ ಒಂದು ಗುದ್ದಲಿನೂ ಮೇಲೆ ಹೋಗಕೂಡದು."

"ಬೀಗದ ಕೈ ಆಫೀಸಲ್ಲಿದೆ ಮೇಡಂ, ತಡ ಆಗುತ್ತೆ..."

"ತರಿಸಿ. ಕೂತಿರ್ತೀನಿ."

ಅವರು ಮೆಟ್ಟಿಲ ಮೇಲೆ ಕೂತರು. ಅತ್ತಿಗೆ ಪಕ್ಕದಲ್ಲಿ ಕೂತಳು. ಕನ್ನಡಿ ಕೂತ. ಆಮೇಲೆ ಬೀದಿಗೆ ಬೀದಿಯೇ, ಹೆಂಗಸರು ಗಂಡಸರೆನ್ನದೆ, ಅಂಗಳದ ತುಂಬ ಚಕ್ಕಂಬಕ್ಕಳ ಹಾಕಿತು.